ಯಾವ ಕಂಪನಿ?

ಕೊಲ್ಲಿ ದೇಶದಲ್ಲಿ ಇಬ್ಬರು ಕನ್ನಡಿಗರು ಮೊದಲ ಸಲ ಭೇಟಿಯಾದರೆ ಎರಡು ಪ್ರಶ್ನೆ ಖಂಡಿತ. ಮೊದಲನೆಯದು "ಊರಲ್ಲಿ ಎಲ್ಲಿ?" ಎರಡನೆಯದು "ಯಾವ ಕಂಪನಿ?" ಎರಡನೆಯದಕ್ಕೆ ಉತ್ತರ ಹೇಳುವುದು ಕೆಲವೊಮ್ಮೆ ಸುಲಭವಲ್ಲ. ವೀಸಾದಲ್ಲಿ ಒಂದು ಕಂಪನಿ, ಕೆಲಸ ಇನ್ನೊಂದು ಕಂಪನಿಯಲ್ಲಿ, ಮಲಗುವುದು ಮೂರನೆಯ ಕಂಪನಿಯ ಕ್ಯಾಂಪಿನಲ್ಲಿ. ದಿನಕ್ಕೆ ಹತ್ತು ಸಲ ನಮ್ಮ ಬಾಯಲ್ಲಿ ಬರುವ ಈ ಪದದ ಕಥೆ ದೊಡ್ಡದು.

ಇಂಗ್ಲಿಷಿಗೆ ಇದು ಫ್ರೆಂಚ್ ಮೂಲಕ ಲ್ಯಾಟಿನ್ ಭಾಷೆಯಿಂದ ಬಂತು. ಲ್ಯಾಟಿನ್‌ನಲ್ಲಿ 'ಕುಮ್' ಎಂದರೆ ಜೊತೆ, 'ಪಾನಿಸ್' ಎಂದರೆ ರೊಟ್ಟಿ. ಎರಡೂ ಸೇರಿದರೆ, ಜೊತೆಗೆ ಕುಳಿತು ರೊಟ್ಟಿ ತಿನ್ನುವವನು. ಈ 'ಪಾನಿಸ್' ನಮಗೆ ಅಪರಿಚಿತವೇನೂ ಅಲ್ಲ. ಅದೇ ಪದ ಪೋರ್ಚುಗೀಸರ ಬಾಯಲ್ಲಿ ಬದಲಾಗಿ ಗೋವಾಕ್ಕೆ ಬಂದು 'ಪಾವ್' ಆಯಿತು. ವಡಾ ಪಾವಿನ ಪಾವ್ ಮತ್ತು ನಮ್ಮ ಕಂಪನಿ ಒಂದೇ ಮನೆತನದವು ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಜೊತೆಗೆ ಉಣ್ಣುವವರ ಗುಂಪಿನಿಂದ ಈ ಪದ ಇಂಗ್ಲಿಷಿನಲ್ಲಿ ಹಲವು ಕಡೆ ಕವಲೊಡೆಯಿತು. ಸಹವಾಸಕ್ಕೂ ಕಂಪನಿ, ಸೈನಿಕರ ತುಕಡಿಗೂ ಕಂಪನಿ, ವರ್ತಕರ ಕೂಟಕ್ಕೂ ಕಂಪನಿ. "ಬಾ, ಚಹಾಕ್ಕೆ ಕಂಪನಿ ಕೊಡು" ಎಂದು ನಾವು ಕರೆಯುವಾಗ ಇರುವುದು ಇವುಗಳಲ್ಲಿ ಅತಿ ಹಳೆಯ ಅರ್ಥ.

ನಮ್ಮ ದೇಶಕ್ಕೆ ಮಾತ್ರ ಈ ಪದ ವರ್ತಕರ ವೇಷದಲ್ಲಿ ಬಂತು. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಸನ್ನದು ಕೊಟ್ಟದ್ದು ಪೂರ್ವದ ನಾಡುಗಳೊಡನೆ ವ್ಯಾಪಾರ ಮಾಡುವ ಲಂಡನ್ ವರ್ತಕರ ಕೂಟಕ್ಕೆ. ಅದೇ ಈಸ್ಟ್ ಇಂಡಿಯಾ ಕಂಪನಿ. ವ್ಯಾಪಾರಕ್ಕೆ ಬಂದವರು ಸೈನ್ಯ ಕಟ್ಟಿದರು, ಕಂದಾಯ ಎತ್ತಿದರು. ನಮ್ಮ ಹಿರಿಯರು ಅದನ್ನು 'ಕುಂಪಣಿ ಸರ್ಕಾರ' ಎಂದರು. ಉತ್ತರದವರು 'ಕಂಪನಿ ಬಹದ್ದೂರ್' ಎಂದರು, ಅದೊಬ್ಬ ದೊರೆಯೋ ಎಂಬಂತೆ. ರೊಟ್ಟಿ ಹಂಚುವ ಪದ ಹೀಗೆ ರೊಟ್ಟಿ ಕಸಿಯುವವರ ಹೆಸರಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ಕರಾವಳಿ ಕುಂಪಣಿಯ ಕೈಸೇರಿತು. 1824ರಲ್ಲಿ ಕಿತ್ತೂರು ಎದುರು ನಿಂತಿತು. 1834ರಲ್ಲಿ ಕೊಡಗು ಹೋಯಿತು. ಸುಳ್ಯ, ಪುತ್ತೂರಿನ ಕಡೆಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿ ಕಂದಾಯವನ್ನು ನಗದಿನಲ್ಲೇ ಕೇಳತೊಡಗಿದರು. ಬೆಳೆ ಕೊಟ್ಟು ರೂಢಿಯಾಗಿದ್ದ ರೈತನ ಕೈಯಲ್ಲಿ ನಗದು ಎಲ್ಲಿತ್ತು? 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನೇ ಹಿಡಿಯಿತು. ಕೆಲವೇ ದಿನಗಳಲ್ಲಿ ಕುಂಪಣಿ ದಂಗೆಯನ್ನು ಅಡಗಿಸಿ ಮುಖಂಡರನ್ನು ನೇಣಿಗೇರಿಸಿತು.

ಅದೇ ಕುಂಪಣಿ ನಾವೀಗ ದುಡಿಯುವ ಈ ತೀರದಲ್ಲೂ ಇತ್ತು. ಮಂಗಳೂರಿನ ಅಕ್ಕಿ ಆಗಲೇ ಮಸ್ಕತ್‌ಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿಯೂ ಅಲ್ಲಿತ್ತು. 1798ರಲ್ಲಿ ಕುಂಪಣಿ ಮಸ್ಕತ್‌ನ ದೊರೆಯೊಡನೆ ಒಪ್ಪಂದ ಮಾಡಿಕೊಂಡಿತು. 1819ರಲ್ಲಿ ಬೊಂಬಾಯಿಯಿಂದ ಹಡಗುಗಳು ಬಂದು ರಾಸ್ ಅಲ್ ಖೈಮಾವನ್ನು ಹಿಡಿದವು. ಮರುವರ್ಷ ಕರಾವಳಿಯ ಶೇಖರು ಒಪ್ಪಂದಕ್ಕೆ ಸಹಿ ಹಾಕಿದರು. ಅರಬ್ಬಿ ಸಮುದ್ರದ ಎರಡೂ ದಡ ಒಂದೇ ಕಂಪನಿಯನ್ನು ಕಂಡಿವೆ.

1858ರಲ್ಲಿ ಕುಂಪಣಿಯ ಆಳ್ವಿಕೆ ಹೋಯಿತು, 1874ರಲ್ಲಿ ಕುಂಪಣಿಯೇ ಇಲ್ಲವಾಯಿತು. ಪದ ಮಾತ್ರ ಉಳಿಯಿತು. ನಮ್ಮ ಜನ ಅದನ್ನು ತೊಳೆದು ಮತ್ತೆ ಬಳಸಿದರು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ ಹೆಸರಿನಲ್ಲಿ ಕಂಪನಿ ಎಂಬ ಪದವೇ ಇಲ್ಲ. ಆದರೂ ಜನರಿಗೆ ಅದು 'ಗುಬ್ಬಿ ಕಂಪನಿ'. ಡಾ. ರಾಜ್‌ಕುಮಾರ್ ಬೆಳೆದದ್ದು ಅಲ್ಲಿಯೇ. ಕಂಪನಿ ನಾಟಕದವರು ಊರೂರು ತಿರುಗಿ, ಒಂದೇ ಬಿಡಾರದಲ್ಲಿ ಉಳಿದು, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವರು. ಲ್ಯಾಟಿನ್ ಅರಿಯದೆಯೇ ಪದದ ಮೂಲ ಅರ್ಥವನ್ನು ಅವರು ಬಾಳಿದರು.

ಇತ್ತ ಕೊಲ್ಲಿಯಲ್ಲಿ ಎಣ್ಣೆ ಸಿಕ್ಕಿತು, 1932ರಲ್ಲಿ ಬಹ್ರೇನ್‌ನಲ್ಲಿ, 1938ರಲ್ಲಿ ಕುವೈತ್‌ನಲ್ಲಿ. ಎಣ್ಣೆ ತೆಗೆದದ್ದೂ ಕಂಪನಿಗಳೇ. ಭಾರತದಿಂದ ಗುಮಾಸ್ತರನ್ನೂ ಕುಶಲ ಕೆಲಸಗಾರರನ್ನೂ ಕರೆಸಿದ್ದೂ ಅವೇ. ಇಂದು ಬೋರ್ಡುಗಳಲ್ಲಿ ಕಾಣುವ 'ಎಲ್‌ಎಲ್‌ಸಿ'ಯಲ್ಲಿ ಮೊದಲ 'ಎಲ್' ಎಂದರೆ 'ಲಿಮಿಟೆಡ್'. ಮಿತಿ ಇರುವುದು ಪಾಲುದಾರರ ಹೊಣೆಗೆ. ಕಂಪನಿ ಮುಳುಗಿದರೆ ಅವರು ಕಳೆದುಕೊಳ್ಳುವುದು ಸಾಮಾನ್ಯವಾಗಿ ಹಾಕಿದ ಬಂಡವಾಳವನ್ನಷ್ಟೇ. ಬ್ರಿಟನ್ನಿನಲ್ಲಿ ಇಂಥ ಕಾನೂನು 1855ರಲ್ಲಿ ಬಂತು. ಕೆಲಸಗಾರನ ಸಾಲಕ್ಕೆ, ಮನೆಯವರ ಖರ್ಚಿಗೆ ಅಂಥ ಮಿತಿ ಯಾರೂ ಬರೆದಿಲ್ಲ.

ಈ ಮಾತು ನಾನು ಪುಸ್ತಕದಿಂದ ಕಲಿತದ್ದಲ್ಲ. ನಾನು ಬಂದ ಮೊದಲ ಕಂಪನಿ ಎರಡನೇ ವರ್ಷವೇ ನಿಂತುಹೋಯಿತು. ಮೂರು ತಿಂಗಳ ಸಂಬಳ ಬಾಕಿ. ಆಫೀಸಿನ ಬಾಗಿಲಿಗೆ ಬೀಗ, ಫೋನ್ ಎತ್ತುವವರಿಲ್ಲ. ರೂಮಿನಲ್ಲಿ ನಾವು ಆರು ಜನ. ಉಳಿದ ಐವರು ಬೇರೆ ಬೇರೆ ಕಡೆ ಕೆಲಸದಲ್ಲಿದ್ದವರು. ತಿಂಗಳ ಕೊನೆಗೆ ಮೆಸ್ಸಿನ ಲೆಕ್ಕ ಬರೆಯುವಾಗ ನಾನು ಎದ್ದು ಹೊರಗೆ ಹೋದೆ. ಕುಂದಾಪುರದ ಹಿರಿಯರೊಬ್ಬರು ಹಿಂದೆಯೇ ಬಂದು, "ಒಳಗೆ ಬಾ ಮಾರಾಯ. ಲೆಕ್ಕ ಐದು ಭಾಗ ಮಾಡಿ ಆಯ್ತು. ಕುಬ್ಬೂಸ್ ತಣ್ಣಗಾಗ್ತದೆ" ಎಂದರು. ಹಾಗೆ ನಾಲ್ಕು ತಿಂಗಳು ಉಂಡೆ. ಹೊಸ ಕೆಲಸ ಸಿಕ್ಕಿದ ಮೇಲೆ ದುಡ್ಡು ಕೊಡಹೋದರೆ, "ಇನ್ನೊಬ್ಬ ಹೀಗೆ ಬಂದಾಗ ಅವನಿಗೆ ಹಾಕು" ಎಂದರು.

ಅರಬ್ಬಿಯಲ್ಲಿ ಕಂಪನಿಗೆ 'ಶರಿಕಾ' ಎನ್ನುತ್ತಾರೆ. ಆ ಪದದ ಬೇರಿನ ಅರ್ಥವೂ ಹಂಚಿಕೊಳ್ಳುವುದು, ಪಾಲುಗಾರರಾಗುವುದು. ಎರಡು ಭಾಷೆಗಳೂ ಒಂದೇ ಮಾತು ಹೇಳುತ್ತಿವೆ.

ಈಗಲೂ ಯಾರಾದರೂ "ಯಾವ ಕಂಪನಿ?" ಎಂದು ಕೇಳಿದರೆ ವೀಸಾದಲ್ಲಿರುವ ಹೆಸರನ್ನೇ ಹೇಳುತ್ತೇನೆ. ಆದರೆ ಮನಸ್ಸಿಗೆ ಮೊದಲು ಬರುವುದು ಆ ರೂಮು, ನೆಲಕ್ಕೆ ಹಾಸಿದ ಹಳೆಯ ಪೇಪರು, ಮಧ್ಯದಲ್ಲಿ ಸಾರಿನ ಪಾತ್ರೆ, ಸುತ್ತ ಕುಳಿತ ಆರು ಜನ.