ಗದಗಿನ ಹುಡುಗ, ಢಾಕಾದ ಗುರು

ನಮ್ಮ ಚಿಮ್ಮನಚೋಡದಾಗ ಚೆಂದ ಬೌಲಿಂಗ್ ಮಾಡೋ ಹುಡುಗರಿಗೆ ಕೊರತೆ ಇಲ್ಲ. ಆದರೆ ಕಲೀಬೇಕಂದ್ರ ಚಿಂಚೋಳಿ ದಾಟಿ ಕಲಬುರಗಿಗೆ ಹೋಗಬೇಕು. ಬೆಂಗಳೂರಿನ ಮಾತು ಆಮೇಲಿಂದು. ಅದಕ್ಕೇ ಈ ಹುಡುಗರ ಮುಂದೆ ನಾನು ಕುಂಬ್ಳೆ, ದ್ರಾವಿಡ್ ಹೆಸರು ತೆಗಿಯೋದು ಕಡಿಮೆ. ಸುನಿಲ್ ಜೋಶಿ ಕಥೆ ಹೇಳ್ತೀನಿ.

ಜೋಶಿ ಹುಟ್ಟಿದ್ದು 1970ರಲ್ಲಿ, ಗದಗಿನಲ್ಲಿ. ಕಲಿಯಲು ಹೋಗುತ್ತಿದ್ದದ್ದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ. ನಸುಕಿನಾಗ ಹೋಗಿ ಅಭ್ಯಾಸ ಮುಗಿಸಿ, ಮತ್ತೆ ಗದಗಿಗೆ ಬಂದು ಶಾಲೆಗೆ ಕೂಡಬೇಕು. 1995-96ರ ರಣಜಿಯಲ್ಲಿ ಈ ಎಡಗೈ ಸ್ಪಿನ್ನರ್ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಎರಡನ್ನೂ ಮಾಡಿದರು. ಆ ವರ್ಷ ಕಪ್ ಕರ್ನಾಟಕಕ್ಕೇ ಬಂತು. 1996ರಲ್ಲೇ ಭಾರತ ತಂಡದ ಬಾಗಿಲು ತೆರೆಯಿತು.

1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಅವರ ಲೆಕ್ಕ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. 2000ದ ನವೆಂಬರ್‌ನಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್, ಢಾಕಾದಲ್ಲಿ. ಮೊದಲ ಇನಿಂಗ್ಸಿನಲ್ಲೇ 5 ವಿಕೆಟ್, ಬ್ಯಾಟಿಂಗ್‌ನಲ್ಲಿ 92 ರನ್. ಪಂದ್ಯಶ್ರೇಷ್ಠ ಅವರೇ. ಇಷ್ಟಾಗಿಯೂ ಆ ವರ್ಷ ಮುಗಿದ ಮೇಲೆ ಅವರಿಗೆ ಇನ್ನೊಂದು ಟೆಸ್ಟ್ ಸಿಗಲಿಲ್ಲ. 15 ಟೆಸ್ಟ್, 41 ವಿಕೆಟ್, ಅಲ್ಲಿಗೆ ಮುಗೀತು. ಕುಂಬ್ಳೆಯಂಥವರು ಇದ್ದ ಕಾಲದಾಗ ಎರಡನೇ ಸ್ಪಿನ್ನರ್ ಜಾಗ ಯಾರಿಗೂ ಗಟ್ಟಿ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಅನ್ಯಾಯವಾದ ಒಬ್ಬ ಆಟಗಾರನ ಕಥೆ ಅಷ್ಟೇ. ನನಗೆ ಮುಖ್ಯ ಅನ್ನಿಸೋದು ಮುಂದಿನ ಭಾಗ. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 600ಕ್ಕೂ ಮೇಲೆ ವಿಕೆಟ್ ಕಿತ್ತು 2012ರಲ್ಲಿ ನಿವೃತ್ತರಾದ ಜೋಶಿ, ಕೋಚ್ ಆಗಿ ನಮಗೆ ಹತ್ತಿರದ ಹೈದರಾಬಾದ್ ತಂಡದ ಜೊತೆ ಕೆಲಸ ಮಾಡಿದರು. ಆಮೇಲೆ ಜಮ್ಮು-ಕಾಶ್ಮೀರಕ್ಕೆ ಹೋದರು. 2014ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಭೀಕರ ಪ್ರವಾಹ. ಶ್ರೀನಗರದ ಮೈದಾನವೇ ನೀರಲ್ಲಿ ಮುಳುಗಿತ್ತು. ಹುಡುಗರಿಗೆ ಸರಿಯಾದ ಅಭ್ಯಾಸವೂ ಇಲ್ಲ. ಅದೇ ತಂಡ ಡಿಸೆಂಬರ್‌ನಲ್ಲಿ ವಾಂಖೆಡೆಗೆ ಹೋಗಿ, 40 ಸಲ ರಣಜಿ ಗೆದ್ದಿದ್ದ ಮುಂಬೈಯನ್ನು ಅದರ ಅಂಗಳದಲ್ಲೇ 4 ವಿಕೆಟ್‌ಗಳಿಂದ ಸೋಲಿಸಿತು! ನಾಯಕ ಪರ್ವೇಜ್ ರಸೂಲ್.

2017ರಲ್ಲಿ ಬಾಂಗ್ಲಾದೇಶ ತನ್ನ ಸ್ಪಿನ್ನರ್‌ಗಳಿಗೆ ಸಲಹೆಗಾರ ಬೇಕೆಂದಾಗ ಕರೆದದ್ದು ಯಾರನ್ನ? ತನ್ನ ಮೊದಲ ಟೆಸ್ಟಿನಲ್ಲಿ ತನ್ನನ್ನೇ ಕಾಡಿದ ಜೋಶಿಯವರನ್ನ. ಆ ಆಗಸ್ಟ್‌ನಲ್ಲೇ ಮೀರ್‌ಪುರದಲ್ಲಿ ಆಸ್ಟ್ರೇಲಿಯಾ 20 ರನ್‌ಗಳಿಂದ ಸೋತಿತು; ಆಸ್ಟ್ರೇಲಿಯಾ ಮೇಲೆ ಬಾಂಗ್ಲಾದ ಮೊದಲ ಟೆಸ್ಟ್ ಗೆಲುವು ಅದು. ಗೆದ್ದವರು ಆಡಿದ ಹುಡುಗರೇ, ನಿಜ. ಸ್ಕೋರ್‌ಕಾರ್ಡ್‌ನಲ್ಲಿ ಕೋಚ್‌ಗೆ ಕಾಲಂ ಇರೋದಿಲ್ಲ. 2020ರಲ್ಲಿ ಜೋಶಿ ಭಾರತ ತಂಡದ ಆಯ್ಕೆ ಸಮಿತಿಗೇ ಅಧ್ಯಕ್ಷರಾದರು.

ಇದರಲ್ಲಿ ನಮಗೇನು ಅಂದ್ರ: ಗದಗಿನಿಂದ ಹುಬ್ಬಳ್ಳಿಗೆ ದಿನಾ ಹೋಗಿ ಬರಬಹುದಿತ್ತು, ಹೋದಲ್ಲಿ ಕಲಿಯೋಕೆ ಜಾಗ ಇತ್ತು. ಚಿಮ್ಮನಚೋಡದ ಹುಡುಗ ಬೆಳಿಗ್ಗೆ ಕಲಬುರಗಿಗೆ ಹೋಗಿ ಶಾಲೆಯ ಗಂಟೆ ಬಾರಿಸೋದರೊಳಗ ವಾಪಸ್ ಬರೋದು ಆಗದ ಮಾತು. ಸ್ಟೇಡಿಯಂ ಬೇಕು ಅಂತ ನಾವು ಅರ್ಜಿ ಕೊಡ್ತೀವಿ, ಕೊಡೋಣ. ಆದರೆ ಚಿಂಚೋಳಿಗೆ ಮೊದಲು ಬೇಕಾದದ್ದು, ಚೆಂಡು ಹಿಡಿಯೋ ಬೆರಳು ನೋಡಿ ತಿದ್ದೋ ಒಬ್ಬ ಮನುಷ್ಯ.