ಶಾಂತಿನಿಧಿಯ ಕಾರ್ಯಕ್ರಮಾಧಿಕಾರಿ: ಉತ್ತರ ಐರ್ಲೆಂಡಿನ ನಿದರ್ಶನ

ಶಾಂತಿಯ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಒಪ್ಪಂದಗಳ ಇತಿಹಾಸವನ್ನೇ ಬರೆಯುತ್ತಾರೆ. ಉತ್ತರ ಐರ್ಲೆಂಡಿನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಸುಮಾರು ೩,೫೦೦ ಜನರನ್ನು ಬಲಿ ತೆಗೆದುಕೊಂಡ ಮೂರು ದಶಕಗಳ ಕಲಹವು ೧೯೯೮ರ ಏಪ್ರಿಲ್ ೧೦ರ ಬೆಲ್‌ಫಾಸ್ಟ್ ಒಪ್ಪಂದದಿಂದ ಮುಗಿಯಿತೆಂದು ಹೇಳಿ, ಸಹಿ ಹಾಕಿದ ನಾಯಕರನ್ನು ಹೆಸರಿಸಿ, ಅಧ್ಯಾಯವನ್ನು ಮುಗಿಸುವುದು ರೂಢಿ. ನಮ್ಮ ದತ್ತಿಶಾಸನಗಳಲ್ಲಿ ದಾನಿಯ ಪ್ರಶಸ್ತಿ ಮೊದಲಿಗೆ ಬರುತ್ತದೆ. ಬರೆದ ಸೇನಬೋವನ ಹೆಸರು ಇದ್ದರೆ ಕಟ್ಟಕಡೆಯ ಸಾಲಿನಲ್ಲಿರುತ್ತದೆ. ಅಂತಹ ಕಡೆಯ ಸಾಲಿನವನೊಬ್ಬನ, ಎಂದರೆ ಅಂತರರಾಷ್ಟ್ರೀಯ ಶಾಂತಿನಿಧಿಯ ಕಾರ್ಯಕ್ರಮಾಧಿಕಾರಿಯ, ಕಾರ್ಯವನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ನಿಧಿಗಳ ಉಗಮವನ್ನು ನೋಡೋಣ. ೧೯೮೫ರ ನವೆಂಬರಿನಲ್ಲಿ ಬ್ರಿಟಿಷ್ ಮತ್ತು ಐರಿಷ್ ಸರ್ಕಾರಗಳು ಮಾಡಿಕೊಂಡ ಒಪ್ಪಂದದ ಫಲವಾಗಿ ೧೯೮೬ರಲ್ಲಿ ‘ಐರ್ಲೆಂಡಿನ ಅಂತರರಾಷ್ಟ್ರೀಯ ನಿಧಿ’ ಸ್ಥಾಪಿತವಾಯಿತು. ಅಮೆರಿಕ, ಯೂರೋಪಿಯನ್ ಸಮುದಾಯ, ಕೆನಡ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳು ಇದಕ್ಕೆ ಧನವನ್ನಿತ್ತವು. ಆರ್ಥಿಕ ಹಾಗೂ ಸಾಮಾಜಿಕ ಪ್ರಗತಿಯನ್ನು ಸಾಧಿಸುವುದು, ಮತ್ತು ಐರ್ಲೆಂಡಿನ ಏಕೀಕರಣವನ್ನು ಬಯಸುವ ರಾಷ್ಟ್ರೀಯವಾದಿಗಳಿಗೂ ಬ್ರಿಟನ್ನಿನೊಡನೆ ಇರಬಯಸುವ ಯೂನಿಯನಿಸ್ಟರಿಗೂ ನಡುವೆ ಸಂವಾದವನ್ನು ಬೆಳೆಸುವುದು ಇದರ ಎರಡು ಗುರಿಗಳು. ೧೯೮೫ರ ಒಪ್ಪಂದವನ್ನೇ ವಿರೋಧಿಸಿದ್ದ ಯೂನಿಯನಿಸ್ಟರಿಗೆ ಈ ಹಣದಲ್ಲಿಯೂ ಅವಿಶ್ವಾಸವಿತ್ತು. ೧೯೯೪ರಲ್ಲಿ ಸಶಸ್ತ್ರ ಸಂಘಟನೆಗಳು ಕದನವಿರಾಮವನ್ನು ಘೋಷಿಸಿದ ಮೇಲೆ ಯೂರೋಪಿಯನ್ ಒಕ್ಕೂಟವು ೧೯೯೫ರಲ್ಲಿ ತನ್ನದೇ ಆದ ಶಾಂತಿ ಯೋಜನೆಯನ್ನು ಆರಂಭಿಸಿತು. ಅದು ಹಂತಹಂತವಾಗಿ ಮುಂದುವರಿದು, ಐದನೆಯ ಹಂತವು ೨೦೨೧–೨೦೨೭ರ ಅವಧಿಗೆ ನಿಯೋಜಿತವಾಗಿದೆ.

ಇಷ್ಟು ಹಣವು ಜನರ ಕೈ ಸೇರುವ ದಾರಿಯಲ್ಲಿ ಕಾರ್ಯಕ್ರಮಾಧಿಕಾರಿ ನಿಲ್ಲುತ್ತಾನೆ. ಆತ ಅಥವಾ ಆಕೆ ಅರ್ಜಿಗಳನ್ನು ಓದಬೇಕು, ಸ್ಥಳಕ್ಕೆ ಹೋಗಿ ಅರ್ಜಿದಾರರನ್ನು ಕಾಣಬೇಕು, ಅಂದಾಜುಪಟ್ಟಿಯನ್ನು ತಿದ್ದಿಸಬೇಕು, ಮಂಜೂರಾತಿಯ ನಿರ್ಣಯವನ್ನು ಸಮಿತಿಯ ಮುಂದೆ ಸಮರ್ಥಿಸಬೇಕು, ಕಡೆಗೆ ರಸೀದಿಗಳನ್ನೂ ಫಲಿತಾಂಶವನ್ನೂ ತಾಳೆ ನೋಡಬೇಕು. ಇದು ಗುಮಾಸ್ತೆಯ ಕೆಲಸದಂತೆ ತೋರಬಹುದು. ಆದರೆ ಒಡೆದ ಸಮಾಜದಲ್ಲಿ ಯಾವ ಗುಂಪಿಗೆ ಹಣ ದೊರೆಯಿತೆಂಬುದೇ ರಾಜಕೀಯ ಸಂಗತಿ. ಉದಾಹರಣೆಗೆ, ಕಾರಾಗೃಹದಿಂದ ಬಿಡುಗಡೆಯಾದ ಮಾಜಿ ಹೋರಾಟಗಾರರ ಪುನರ್ವಸತಿಗೆ ಯೂರೋಪಿನ ಹಣವನ್ನು ಹಂಚುವ ಹೊಣೆಯನ್ನು ೧೯೭೯ರಲ್ಲಿ ಸ್ಥಾಪಿತವಾದ ‘ಉತ್ತರ ಐರ್ಲೆಂಡ್ ಸ್ವಯಂಸೇವಾ ಟ್ರಸ್ಟ್’ ವಹಿಸಿಕೊಂಡಿತು. ಕೊಂದವರಿಗೆ ನೆರವು, ಸತ್ತವರ ಮನೆಯವರಿಗೆ ಏನು ಎಂಬ ಪ್ರಶ್ನೆಯನ್ನು ಎದುರಿಸದೆ ಇಂತಹ ಕಡತವೊಂದಕ್ಕೆ ಸಹಿ ಹಾಕುವಂತಿರಲಿಲ್ಲ.

ಈ ಕಾರ್ಯದ ಮೊದಲನೆಯ ತೊಡಕು ಸಮಾನತೆಯದು. ಎಲ್ಲರಿಗೂ ಒಂದೇ ನಿಯಮ, ಒಂದೇ ಅರ್ಜಿ ಎಂಬುದು ನ್ಯಾಯವೆಂದು ಕಾಣುತ್ತದೆ. ಆದರೆ ಕ್ಯಾಥೊಲಿಕ್ ಬಡಾವಣೆಗಳಲ್ಲಿ ಸ್ವಯಂಸೇವಾ ಸಂಘಗಳು ಮೊದಲಿನಿಂದಲೂ ಬಲವಾಗಿದ್ದವು. ಹಲವು ಪ್ರಾಟೆಸ್ಟಂಟ್ ಬಡಾವಣೆಗಳಲ್ಲಿ ಅವು ದುರ್ಬಲವಾಗಿದ್ದವು. ಉತ್ತಮ ಅರ್ಜಿಗೇ ಹಣವೆಂದರೆ ಹಣವು ಒಂದೇ ಕಡೆಗೆ ಹರಿದು, ಹೊಸ ಅಸಮಾಧಾನಕ್ಕೆ ಕಾರಣವಾಗುವ ಸಂಭವವಿತ್ತು. ದುರ್ಬಲ ಗುಂಪನ್ನು ಮೊದಲು ಅದರ ಪಾಡಿಗೆ ಬಲಪಡಿಸಿದರೆ, ಒಂದೇ ಪಂಗಡದ ಕೆಲಸಕ್ಕೆ ಸಾಮರಸ್ಯದ ಹಣವೇಕೆ ಎಂಬ ಆಕ್ಷೇಪ ಬರುತ್ತಿತ್ತು. ಆದುದರಿಂದ ಅರ್ಜಿ ಬರುವ ಮೊದಲೇ ಬಡಾವಣೆಗೆ ಹೋಗಿ ಅಲ್ಲಿನ ಜನರೊಡನೆ ಕುಳಿತು ಮಾಡಿದ ಕೆಲಸವೇ ಹೆಚ್ಚಿನದಾಯಿತು.

ಎರಡನೆಯ ತೊಡಕು ಕಾಲದ್ದು. ನಿಧಿಗೆ ಲೆಕ್ಕದ ವರ್ಷವುಂಟು. ವಿಶ್ವಾಸಕ್ಕೆ ಅಂತಹ ವರ್ಷವಿಲ್ಲ. ೨೦೦೦ದಿಂದ ೨೦೦೬ರ ಅವಧಿಯಲ್ಲಿ ಯೂರೋಪಿನ ನಿಯಮದಂತೆ, ಗೊತ್ತುಮಾಡಿದ ಹಣವನ್ನು ಎರಡು ವರ್ಷಗಳೊಳಗೆ ವೆಚ್ಚಮಾಡದಿದ್ದರೆ ಅದು ಕೈತಪ್ಪುತ್ತಿತ್ತು. ಬೇಗ ಖರ್ಚುಮಾಡುವುದು ಅಧಿಕಾರಿಯ ಕರ್ತವ್ಯವಾಯಿತು. ನಿಧಾನವಾಗಿ ನಡೆಯುವುದು ಕೆಲಸದ ಸ್ವಭಾವವಾಗಿತ್ತು. ಇನ್ನೊಂದೆಡೆ, ಮೊದಲನೆಯ ಹಂತವು ೧೯೯೯ರಲ್ಲಿ ಮುಗಿದು ಎರಡನೆಯದರ ಹಣ ಬರುವುದು ತಡವಾದಾಗ, ಸಂಘಗಳು ನುರಿತ ನೌಕರರನ್ನು ಉಳಿಸಿಕೊಳ್ಳಲು ಕಷ್ಟಪಡಬೇಕಾಯಿತು.

ಮೂರನೆಯದು ಅಳತೆಯ ತೊಡಕು. ಎರಡನೆಯ ಹಂತದಲ್ಲಿ ಪ್ರತಿ ಅರ್ಜಿಯೂ ತಾನು ಕಲಹದ ಪರಿಣಾಮವನ್ನು ನಿವಾರಿಸುವುದೆಂದೋ ಶಾಂತಿಯಿಂದ ದೊರೆತ ಅವಕಾಶವನ್ನು ಬಳಸುವುದೆಂದೋ ತೋರಿಸಿಕೊಡಬೇಕಾಗಿತ್ತು. ಸೇತುವೆಗೆ ಇದನ್ನು ತೋರಿಸುವುದು ಸುಲಭ. ಡೆರಿ ಪಟ್ಟಣದಲ್ಲಿ, ಫಾಯ್ಲ್ ನದಿಯ ಎರಡು ದಡಗಳನ್ನು ಕೂಡಿಸುವಂತೆ ಯೂರೋಪಿನ ಶಾಂತಿ ಯೋಜನೆಯ ಹಣದಿಂದ ಕಟ್ಟಿದ ‘ಶಾಂತಿ ಸೇತುವೆ’ ೨೦೧೧ರಲ್ಲಿ ತೆರೆಯಿತು; ಅದರ ಮೇಲೆ ನಡೆಯುವವರನ್ನು ಎಣಿಸಬಹುದು. ಬೆಲ್‌ಫಾಸ್ಟಿನಲ್ಲಿ ಎರಡು ಪಂಗಡಗಳ ಬೀದಿಗಳ ನಡುವೆ ನಿಂತಿರುವ ಗೋಡೆಗಳ ಸಂಗತಿಯೇ ಬೇರೆ. ಅಂತರರಾಷ್ಟ್ರೀಯ ನಿಧಿಯು ೨೦೧೨ರಲ್ಲಿ ಈ ಗೋಡೆಗಳಿಗಾಗಿಯೇ ಒಂದು ಕಾರ್ಯಕ್ರಮವನ್ನು ಕೈಗೊಂಡಿತು. ೨೦೧೩ರಲ್ಲಿ ಅಲ್ಲಿನ ಸರ್ಕಾರವು ಹತ್ತು ವರ್ಷಗಳಲ್ಲಿ ಎಲ್ಲ ಗೋಡೆಗಳನ್ನೂ ತೆಗೆಯುವ ಗುರಿಯನ್ನು ಸಾರಿತು. ೨೦೨೩ ಬಂದಾಗ ಅನೇಕ ಗೋಡೆಗಳು ನಿಂತೇ ಇದ್ದವು. ಗೋಡೆಯ ಪಕ್ಕದಲ್ಲಿ ವಾಸಿಸುವವರ ಸಮ್ಮತಿಯಿಲ್ಲದೆ ಅದನ್ನು ಕೆಡಹುವುದು ಶಾಂತಿಕಾರ್ಯವಾಗಲಾರದು. ಆ ಸಮ್ಮತಿಗಾಗಿ ವರ್ಷಗಟ್ಟಲೆ ಮನೆಮನೆಗೆ ಹೋದ ದುಡಿಮೆಯು ಗೋಡೆ ಉಳಿದ ಕಡೆ ವರದಿಯಲ್ಲಿ ಸೊನ್ನೆಯಾಗಿ ಕಾಣಬಹುದು.

ಈ ನಿಧಿಗಳು ಶಾಂತಿಯನ್ನು ತಂದುವೆಂದು ಹೇಳುವುದು ಅತಿಶಯೋಕ್ತಿಯಾದೀತು. ಶಾಂತಿಯನ್ನು ಹಣದಿಂದ ಕೊಳ್ಳಲಾಗದು. ಆದರೆ ಒಪ್ಪಂದಕ್ಕೆ ಮುನ್ನ ಎರಡು ಪಂಗಡದವರು ಒಂದೇ ಮೇಜಿನ ಸುತ್ತ ಕುಳಿತ ರೂಢಿ ಎಲ್ಲಿಂದ ಬಂದಿತೆಂದು ಕೇಳಿದರೆ, ಈ ಯೋಜನೆಗಳನ್ನು ಬಿಟ್ಟು ಉತ್ತರಿಸಲಾಗದು. ೧೯೯೫ರ ಯೋಜನೆಯ ಅಂಗವಾಗಿ ೨೬ ಸ್ಥಳೀಯ ಕೌನ್ಸಿಲುಗಳ ವ್ಯಾಪ್ತಿಯಲ್ಲಿ ರಚಿತವಾದ ಜಿಲ್ಲಾ ಸಹಭಾಗಿ ಮಂಡಲಿಗಳಲ್ಲಿ, ಹೊರಗೆ ಪರಸ್ಪರ ಮಾತನಾಡದಿದ್ದ ಪಕ್ಷಗಳ ಸದಸ್ಯರೂ ಸ್ವಯಂಸೇವಾ ಸಂಘದವರೂ ವರ್ತಕರೂ ಕಾರ್ಮಿಕ ಪ್ರತಿನಿಧಿಗಳೂ ಹಣ ಹಂಚುವ ನೆಪದಿಂದ ಒಟ್ಟಿಗೆ ಕುಳಿತರು. ಹಂಚಿಕೆಯ ವಿಧಾನವೇ ಹಂಚಿದ ಹಣಕ್ಕಿಂತ ಹೆಚ್ಚಿನ ಫಲವನ್ನಿತ್ತಿತೆಂಬುದು ನಮ್ಮ ಅಭಿಪ್ರಾಯ. ಆ ವಿಧಾನವನ್ನು ಕಾಗದದಿಂದ ಕೋಣೆಗೆ ಇಳಿಸಿದವರ ಕಡತಗಳನ್ನು ಒಪ್ಪಂದದ ಪತ್ರಗಳಷ್ಟೇ ಜೋಪಾನವಾಗಿ ಕಾಪಾಡಿ ಓದುವುದು ಇತಿಹಾಸಕಾರರ ಮುಂದಿರುವ ಕೆಲಸ.