ಬಾಂದು ಕಲ್ಲು, ಟಿಪ್ಪಣಿ ಮತ್ತು ಕರ್ಣ

ಹೋದ ಸಲ ದುದ್ದಕ್ಕೆ ಹೋದಾಗ ಮನೆಯಲ್ಲಿ ಒಂದೇ ಮಾತು. ಅಪ್ಪನ ಹೊಲಕ್ಕೂ ಚಿಕ್ಕಪ್ಪನ ಹೊಲಕ್ಕೂ ನಡುವಿನ ಬಾಂದು ಕಲ್ಲು ಕಾಣ್ತಿಲ್ಲ. ಎರಡು ವರ್ಷದಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಅಳತೆಗೆ ಬಂದ ಸರ್ವೆಯರ್ ಹಳೇ ಟಿಪ್ಪಣಿಯ ನಕಲು ಬಿಚ್ಚಿದರು. ನೋಡ್ತೀನಿ, ಹೈಸ್ಕೂಲಲ್ಲಿ ಉರು ಹೊಡೆದ ಅದೇ ಗ್ರಾಫ್!

ಸ್ವಲ್ಪ ಇತಿಹಾಸ ಹೇಳ್ಬೇಕು. ಮೈಸೂರು ಸೀಮೆಯಲ್ಲಿ ಕಂದಾಯ ಮೋಜಣಿ ಶುರುವಾಗಿದ್ದು 1863ರಲ್ಲಿ, ಬಾಂಬೆ ಪದ್ಧತಿಯಲ್ಲಿ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಜಾಗವೇ ಒಂದು ಗುಂಟೆ, ಅಂದ್ರೆ 1089 ಚದರಡಿ. ಹೊಲದುದ್ದಕ್ಕೂ ಒಂದು ನೇರ ಗೆರೆ ಹಿಡಿಯೋದು. ಗೆರೆ ಮೇಲೆ ಇಷ್ಟು ನಡೆದು, ಲಂಬವಾಗಿ ಎಡಕ್ಕೋ ಬಲಕ್ಕೋ ಇಷ್ಟು ಹೋದರೆ ಕಲ್ಲು ಅಂತ ಬರೆದಿಡೋದು. ಡೆಕಾರ್ಟ್ 1637ರಲ್ಲಿ ಪುಸ್ತಕ ಬರೆದು ಹೇಳಿದ್ದರ ಸಾರವೂ ಇದೇ, ಎಕ್ಸ್ ಮತ್ತು ವೈ.

ನಮ್ಮಲ್ಲಿ ಆ ಗೆರೆ ಮೇಲೆ ಈಗ ತೆಂಗಿನ ತೋಟ ಎದ್ದಿದೆ. ಆದರೆ ಬೇರೆ ಎರಡು ಕಲ್ಲು ಗಟ್ಟಿಯಾಗಿವೆ. ಆಣೆ ಬಿಟ್ಟು ಹೇಳ್ತೀನಿ: ಮೊದಲನೇ ಕಲ್ಲು ಗೆರೆಯಲ್ಲಿ 2 ಸರಪಳಿ, ಎಡಕ್ಕೆ 1. ಕಳೆದ ಕಲ್ಲು 6 ಸರಪಳಿ, ಎಡಕ್ಕೆ 4. ವ್ಯತ್ಯಾಸ 4 ಮತ್ತು 3. ವರ್ಗ ಮಾಡಿ ಕೂಡಿದರೆ 25, ವರ್ಗಮೂಲ 5. ಅಂದ್ರೆ 165 ಅಡಿ. ಎರಡನೇ ಕಲ್ಲಿಂದಲೂ ಹೀಗೇ ದೂರ ತೆಗೆದು, ಎರಡು ಟೇಪು ಎಳೆದರೆ ಸೇರೋ ಕಡೆ ಕಲ್ಲು. ಟೇಪುಗಳು ಸೇರಬಹುದಾದ ಇನ್ನೊಂದು ಜಾಗ ಕಟ್ಟೆಯ ನೀರೊಳಗಿತ್ತು, ಹಾಗಾಗಿ ಗೊಂದಲ ಆಗ್ಲಿಲ್ಲ :)

"ಇಂಜಿನಿಯರಿಂಗಲ್ಲಿ ಇದನ್ನ ಹೇಳ್ಕೊಡ್ಲಿಲ್ವೇನಪ್ಪ?" ಅಂದ್ರು ಸರ್ವೆಯರ್.

ಹೇಳ್ಕೊಟ್ಟಿದ್ರು, ಪೈಥಾಗರಸ್ ಹೆಸರಲ್ಲಿ. ಆದರೆ ಭುಜ, ಕೋಟಿ, ಕರ್ಣ ಅನ್ನೋ ಮಾತುಗಳು ಈ ನೆಲಕ್ಕೆ ಹೊಸವಲ್ಲ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ನಾನು ದಿನಾ ಕೋಡಲ್ಲಿ ಈ ಸೂತ್ರ ಬಳಸ್ತೀನಿ, ಅದು ನನ್ನ ಹೊಲದಲ್ಲೇ ಇತ್ತು ಅಂತ ಗೊತ್ತಿರಲಿಲ್ಲ.

ಲಂಟಾನಾ ಪೊದೆ ಕಡಿದು ಒಂದೂವರೆ ಅಡಿ ಅಗೆದಾಗ ಹಾರೆ ಟಣ್ ಅಂತು. ಕಲ್ಲು ಸಿಕ್ತು, ಅಪ್ಪ ಉಳ್ತಿದ್ದ ಜಾಗದಿಂದ ಆರು ಅಡಿ ಒಳಗೆ. ಒತ್ತಿದ್ದು ಚಿಕ್ಕಪ್ಪ ಅಲ್ಲ, ನಾವೇ.

ಅಪ್ಪ ಮಾತಾಡ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಚಿಕ್ಕಪ್ಪನೇ, "ಬಾರಣ್ಣ, ಕಾಫಿ ಕುಡ್ಯಣ" ಅಂದ್ರು.

ನಿಮ್ಮ ಮನೆ ಟ್ರಂಕಲ್ಲೂ ಟಿಪ್ಪಣಿ ನಕಲು ಇದ್ರೆ ಒಮ್ಮೆ ಬಿಚ್ಚಿ ನೋಡಿ.